ಹಾರದೆ ಉಳಿದ ನೌಕೆಯ ಲೆಕ್ಕವೂ ಬೇಕು

ಜರ್ಯಾ ಎಂದರೆ ಬಹಳ ಜನರಿಗೆ ನೆನಪಾಗುವುದು 1998ರಲ್ಲಿ ಮೇಲೇರಿದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಮೊದಲ ಭಾಗ. ಅದಕ್ಕಿಂತ ಮೊದಲೇ ಇದೇ ಹೆಸರಿನ ಇನ್ನೊಂದು ನೌಕೆಯ ಕೆಲಸ ನಡೆದಿತ್ತು. ಅದು ಮನುಷ್ಯರನ್ನು ಹೊತ್ತೊಯ್ಯಬೇಕಿದ್ದ ನೌಕೆ. 1985ರಿಂದ 1989ರವರೆಗೆ ಸೋವಿಯತ್ ಒಕ್ಕೂಟದ ಎನರ್ಜಿಯಾ ಸಂಸ್ಥೆಯವರು ಅದರ ವಿನ್ಯಾಸ ಮಾಡಿದರು. ಕಟ್ಟಲಿಲ್ಲ. ಮಾಸ್ಕೋದಲ್ಲಿ ನೆಲೆಸಿರುವ ಕನ್ನಡಿಗನಾದ ನನಗೆ ಹಾರಿದ ನೌಕೆಗಳಿಗಿಂತ ಇದರ ಮೇಲೇ ಪ್ರೀತಿ ಜಾಸ್ತಿ.

ಈ ಕೆಲಸದ ಮುಂದಾಳು ಕಾನ್‌ಸ್ಟಾಂಟಿನ್ ಫಿಯೊಕ್ಟಿಸ್ತೋವ್. 1964ರಲ್ಲಿ ವೋಸ್ಖೋದ್ ನೌಕೆಯಲ್ಲಿ ಸ್ವತಃ ಬಾಹ್ಯಾಕಾಶಕ್ಕೆ ಹೋಗಿ ಬಂದ ಇಂಜಿನಿಯರ್. ತಾನು ವಿನ್ಯಾಸ ಮಾಡಿದ್ದರಲ್ಲಿ ತಾನೇ ಕೂತು ಹೋದವನು. ಅಂಥವನಿಗೆ ಸೀಟಿನ ಇಕ್ಕಟ್ಟೂ ಗೊತ್ತು, ಇಳಿಯುವಾಗಿನ ಹೊಡೆತವೂ ಗೊತ್ತು.

ಸೋವಿಯತ್ ಕಾಲದಿಂದ ಜನರನ್ನು ಹೊತ್ತೊಯ್ಯುತ್ತಿರುವ ಸೋಯುಜ್ ನೌಕೆಯಲ್ಲಿ ಜನ ಕೂತು ಭೂಮಿಗೆ ಇಳಿಯುವ ಭಾಗದ ಅಗಲ ಸುಮಾರು 2.2 ಮೀಟರ್. ಮೂವರು ಮೊಣಕಾಲು ಮಡಚಿಕೊಂಡೇ ಕೂರಬೇಕು. ಜರ್ಯಾ ತಂಡ ಅದೇ ಆಕಾರ ಇಟ್ಟುಕೊಂಡು ಅಗಲವನ್ನು 4.1 ಮೀಟರ್‌ಗೆ ಒಯ್ದಿತು. ಒಟ್ಟು ತೂಕ ಸುಮಾರು 15 ಟನ್. ಏರಿಸಲು ಜೆನಿತ್ ರಾಕೆಟ್. ಸೋವಿಯತ್‌ನ ಮಿರ್ ಬಾಹ್ಯಾಕಾಶ ನಿಲ್ದಾಣಕ್ಕೆ ಜನರನ್ನೂ ಸಾಮಾನನ್ನೂ ಒಯ್ಯಬೇಕು, ಕಷ್ಟ ಬಂದರೆ ಎಂಟು ಜನರನ್ನು ಒಟ್ಟಿಗೆ ಕರೆತರಬೇಕು. ಬಂದ ಮೇಲೆ ಅದೇ ನೌಕೆ ಮತ್ತೆ ಮತ್ತೆ ಹಾರಬೇಕು.

ಇಷ್ಟನ್ನು ಯಾರಾದರೂ ಬಯಸಬಹುದು. ಇಳಿಯುವ ಬಗೆಯಲ್ಲಿ ಮಾತ್ರ ಇವರು ನಿಜವಾಗಿ ಧೈರ್ಯ ಮಾಡಿದರು. ಸೋಯುಜ್ ಸುಮಾರು 1000 ಚದರ ಮೀಟರ್‌ನ ಪ್ಯಾರಾಚೂಟ್ ಬಿಚ್ಚಿಕೊಂಡು ಕಜಕಸ್ತಾನದ ಬಯಲಿಗೆ ಇಳಿಯುತ್ತದೆ. ನೆಲ ಒಂದು ಮೀಟರ್‌ಗಿಂತ ಹತ್ತಿರ ಬಂದಾಗ ಸಣ್ಣ ಇಂಜಿನ್‌ಗಳು ಉರಿದು ಹೊಡೆತ ತಗ್ಗಿಸುತ್ತವೆ. ಗಾಳಿ ಎತ್ತ ಬೀಸಿದರೆ ಪ್ಯಾರಾಚೂಟ್ ಅತ್ತ. ಅದು ಸರಿಯಾಗಿ ಬಿಚ್ಚಿಕೊಳ್ಳದೆ 1967ರ ಏಪ್ರಿಲ್‌ನಲ್ಲಿ ಸೋಯುಜ್‌ನಲ್ಲಿ ಹೋಗಿದ್ದ ಯಾನಿ ವ್ಲಾದಿಮಿರ್ ಕೊಮರೋವ್ ಸತ್ತರು. ಜರ್ಯಾದಲ್ಲಿ ಪ್ಯಾರಾಚೂಟನ್ನೇ ಕೈಬಿಟ್ಟು, ತಳದ ಸುತ್ತ 24 ಇಂಜಿನ್‌ಗಳನ್ನು ಇಟ್ಟರು. ಒಂದೊಂದರ ನೂಕುಬಲ ಸುಮಾರು ಒಂದೂವರೆ ಟನ್. ಅವುಗಳ ಬಲದ ಮೇಲೇ ನೌಕೆ ನಿಧಾನವಾಗಿ ನೆಲ ಮುಟ್ಟಬೇಕು. ಅಷ್ಟೊಂದು ಇಂಜಿನ್ ಯಾಕೆ? ಒಂದೆರಡು ಕೈಕೊಟ್ಟರೂ ಉಳಿದವು ಹೊರಬೇಕು ಎಂಬ ಲೆಕ್ಕವೇ ಇರಬೇಕು ಎಂದು ನನಗನಿಸುತ್ತದೆ. ಆದರೂ ಇಂಧನ ಒಳಗೇ ಇಟ್ಟುಕೊಂಡು, ಕೊನೆಯ ಗಳಿಗೆಯಲ್ಲಿ ಇಂಜಿನ್ ಹೊತ್ತಿಕೊಳ್ಳುತ್ತದೆ ಎಂದು ನಂಬಿ ಕೂರುವುದು ಸಣ್ಣ ಮಾತಲ್ಲ.

1988ರ ನವೆಂಬರ್ 15ರಂದು ಬುರಾನ್ ಹಾರಿತು. ಅಮೆರಿಕದ ಶಟಲ್‌ನಂತೆ ರೆಕ್ಕೆಯಿದ್ದ ಸೋವಿಯತ್ ನೌಕೆ ಅದು. ಜನರಿಲ್ಲದೆ ಎರಡು ಸುತ್ತು ಹಾಕಿ ಬಂದು ರನ್‌ವೇಗೆ ಇಳಿಯಿತು. ಹಾಗೆ ಇಳಿದದ್ದು ನಿಜಕ್ಕೂ ದೊಡ್ಡ ಸಾಧನೆ. ಮುಂದಿನ ಜನವರಿಯಲ್ಲಿ ಹಣವಿಲ್ಲವೆಂದು ಜರ್ಯಾ ಕೆಲಸ ನಿಂತಿತು. ಬುರಾನ್ ಕೂಡ ಮತ್ತೆ ಹಾರಲಿಲ್ಲ. ಪರಿಚಿತ ಆಕಾರವನ್ನೇ ದೊಡ್ಡದು ಮಾಡಿದ ಜರ್ಯಾ ದಾರಿಯೇ ಆ ದೇಶದ ಜೇಬಿಗೆ ಹೊಂದುತ್ತಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈ ಅಳತೆಗಳೆಲ್ಲ ನಮಗೆ ಸಿಕ್ಕಿದ್ದು ಹೇಗೆ? ಸೋವಿಯತ್ ಕಾಲದಲ್ಲಿ ಎಲ್ಲವೂ ಗುಟ್ಟು. ಒಕ್ಕೂಟ ಒಡೆದ ಮೇಲೆ, 1996ರಲ್ಲಿ, ಎನರ್ಜಿಯಾ ತನ್ನ ಐವತ್ತು ವರ್ಷದ ಚರಿತ್ರೆ ಅಚ್ಚು ಹಾಕಿಸಿದಾಗ ಜರ್ಯಾಗೂ ಜಾಗ ಕೊಟ್ಟಿತು. ಗೆದ್ದದ್ದರ ಪಕ್ಕದಲ್ಲೇ ನಿಂತುಹೋದದ್ದೂ ಇದೆ, ಅಂಕಿ ಸಮೇತ. ಇಲ್ಲಿನವರ ಈ ರೀತಿ ನನಗೆ ತುಂಬಾ ಹಿಡಿಸಿತು. ಅಮೆರಿಕದಲ್ಲಿ ನಾಸಾ ಕೂಡ ತನ್ನ ಎಷ್ಟೋ ಹಳೆಯ ಅಧ್ಯಯನ ವರದಿಗಳನ್ನು, ಕೈಬಿಟ್ಟ ಯೋಜನೆಗಳದ್ದನ್ನೂ ಸೇರಿಸಿ, ಯಾರು ಬೇಕಾದರೂ ಓದುವಂತೆ ಇಟ್ಟಿದೆ.

ಸುಮ್ನೆ ಹಳೆಯದರ ಮೋಹಕ್ಕೆ ಇದನ್ನು ಹೇಳುತ್ತಿಲ್ಲ. ಸ್ಪೇಸ್‌ಎಕ್ಸ್‌ನ ಡ್ರ್ಯಾಗನ್ ಕೂಡ ಮೊದಲು ಎಂಟು ಇಂಜಿನ್‌ಗಳ ಬಲದಲ್ಲಿ ನೆಲಕ್ಕೆ ಇಳಿಯಬೇಕಿತ್ತು. 2017ರಲ್ಲಿ ಆ ಯೋಚನೆ ಬಿಟ್ಟು ಪ್ಯಾರಾಚೂಟ್ ಹಿಡಿದು ಸಮುದ್ರಕ್ಕೆ ಇಳಿದರು. 2024ರಲ್ಲಿ, ಪ್ಯಾರಾಚೂಟ್ ಪೂರ್ತಿ ಕೈಕೊಟ್ಟರೆ ಅದೇ ಇಂಜಿನ್ ಬಳಸುವ ಏರ್ಪಾಡು ಸೇರಿತು. ರಷ್ಯಾದ ಹೊಸ ಒರ್ಯೋಲ್ ನೌಕೆಯೂ ಬರೀ ಇಂಜಿನ್ ಬಲದ ಯೋಚನೆಯಿಂದ ಹೊರಟು ಕೊನೆಗೆ ಪ್ಯಾರಾಚೂಟ್ ಮತ್ತು ಇಂಜಿನ್ ಎರಡಕ್ಕೂ ಬಂತು. ಮೂರು ತಂಡಗಳ ಮುಂದೆಯೂ ಅದೇ ಪ್ರಶ್ನೆ. ಹಿಂದಿನವರ ಲೆಕ್ಕ ಕಣ್ಣೆದುರಿಗೆ ಇದ್ದರೆ ಮುಂದಿನವರಿಗೆ ಅನುಕೂಲ, ಅಲ್ವಾ?

ನಮ್ಮಲ್ಲಿ ಗಗನಯಾನದ ಕೆಲಸ ನಡೆಸುವ ಮಾನವ ಬಾಹ್ಯಾಕಾಶ ಯಾನ ಕೇಂದ್ರ ಇರುವುದು ಬೆಂಗಳೂರಿನಲ್ಲೇ. ನಮ್ಮ ನಾಲ್ವರು ಯಾನಿಗಳು ತರಬೇತಿ ಪಡೆದದ್ದು ಮಾಸ್ಕೋ ಪಕ್ಕದ ಸ್ಟಾರ್ ಸಿಟಿಯಲ್ಲಿ. ನಮ್ಮ ನೌಕೆಯೂ ಪ್ಯಾರಾಚೂಟ್ ಹಿಡಿದು ಸಮುದ್ರಕ್ಕೇ ಇಳಿಯುತ್ತದೆ. ಮೂರು ಕಡೆ ಸಮುದ್ರ ಇರುವ ದೇಶಕ್ಕೆ ಅದು ಸರಿಯಾದ ಆಯ್ಕೆ ಎಂದೇ ನನಗನಿಸುತ್ತದೆ. ಆದರೆ ಬೇರೆ ಯಾವ ದಾರಿಗಳನ್ನು ನೋಡಿದರು, ಯಾವುದನ್ನು ಯಾಕೆ ಬಿಟ್ಟರು ಎಂದು ಕನ್ನಡದಲ್ಲಿ ಹುಡುಕಿದರೆ ನನಗೆ ಸಿಗುವುದು ಉಡಾವಣೆಯ ದಿನದ ಚಪ್ಪಾಳೆಯೇ. ಊರಿಗೆ ಫೋನ್ ಮಾಡಿದಾಗ ಅಕ್ಕನ ಮಗ ಕೇಳುವುದೂ "ಮಾವ, ಯಾವಾಗ ಹಾರುತ್ತೆ?" ಎಂದೇ. ಅವನ ತಪ್ಪೇನಿಲ್ಲ, ಅವನ ಕೈಗೆ ಸಿಗುವುದೇ ಅಷ್ಟು.

2035ಕ್ಕೆ ನಮ್ಮದೇ ನಿಲ್ದಾಣ ಎಂದು ಇಸ್ರೊ ಹೇಳಿದೆ. ಅಲ್ಲಿಗೆ ಹೋಗಿಬರುವ ನೌಕೆಗಳಿಗಾಗಿ ಎಷ್ಟೋ ನಕ್ಷೆಗಳು ಬರುತ್ತವೆ, ಹೆಚ್ಚಿನವು ಮೂಲೆ ಸೇರುತ್ತವೆ. ಭದ್ರತೆಗೆ ಅಡ್ಡಿಯಾಗದಷ್ಟನ್ನಾದರೂ ಅಳತೆ, ತೂಕ, ಬಿಟ್ಟ ಕಾರಣ ಸಮೇತ ಪ್ರಕಟಿಸಲಿ. ಇಸ್ರೊದಲ್ಲಿ ದುಡಿದು ನಿವೃತ್ತರಾದ ಕನ್ನಡಿಗರು ಬೇಕಾದಷ್ಟು ಜನ ಇದ್ದಾರೆ. ಹೇಳಬಹುದಾದದ್ದನ್ನು ಅವರು ಕನ್ನಡದಲ್ಲಿ ಈಗಲೇ ಬರೆಯಲು ಶುರು ಮಾಡಲಿ.