ಊರಿನ ಚಂದ ಕೆಡಬಾರದು ನೋಡಿ!

ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ ನಗರಸಭೆಗೆ ಊರಿನ ಅಂದಚಂದದ ಚಿಂತೆ ಸ್ವಲ್ಪ ಜಾಸ್ತಿ. ಬಂದರಿನ ಹೊರಗೆ ಲಾರಿ ಕಂಪನಿಗಳ ಯಾರ್ಡ್‌ಗಳಿವೆಯಲ್ಲ, ಅಲ್ಲಿ ಒಂದರ ಮೇಲೊಂದು ಎರಡೇ ಕಂಟೇನರ್ ಇಡಬೇಕೆಂಬ ನಿಯಮವಿತ್ತು. ಮೂರನೆಯದು ಇಟ್ಟರೆ ನೋಡುವವರ ಕಣ್ಣಿಗೆ ಕಿರಿಕಿರಿಯಂತೆ.

2021ರ ಅಕ್ಟೋಬರ್‌ನಲ್ಲಿ ಅದೇ ಕಣ್ಣನ್ನು ಕಡಲ ಕಡೆ ತಿರುಗಿಸಿದ್ದರೆ? ಲಾಂಗ್ ಬೀಚ್, ಪಕ್ಕದ ಲಾಸ್ ಏಂಜಲೀಸ್ ಬಂದರುಗಳ ಸರದಿಗೆ ಕಾಯುತ್ತಾ 70ಕ್ಕೂ ಹೆಚ್ಚು ಹಡಗುಗಳು! ಅವುಗಳ ಮೇಲೆ ಕಂಟೇನರ್‌ಗಳ ಗೋಪುರ. ಪಾಪ, ನಗರಸಭೆಯ ಅಳತೆಪಟ್ಟಿ ನೀರಿಗಿಳಿಯುವುದಿಲ್ಲ.

ಯಾರ್ಡ್ ತುಂಬಿತ್ತು. ಖಾಲಿ ಕಂಟೇನರ್ ಇಳಿಸಲು ಜಾಗವಿಲ್ಲದೆ ಅದು ಲಾರಿಯ ಚಾಸಿ (ಕಂಟೇನರ್ ಹೊರುವ ಗಾಲಿ ಚೌಕಟ್ಟು) ಮೇಲೇ ಕೂತಿತು. ಚಾಸಿ ಖಾಲಿಯಿಲ್ಲ ಅಂದಮೇಲೆ ಬಂದರಿನಿಂದ ತುಂಬಿದ ಕಂಟೇನರ್ ತರುವುದು ಯಾವುದರ ಮೇಲೆ? ಅದು ಬರದೆ ಬಂದರಿನೊಳಗೂ ಜಾಗವಿಲ್ಲ. ಫ್ಲೆಕ್ಸ್‌ಪೋರ್ಟ್ ಎಂಬ ಸರಕು ಸಾಗಣೆ ಕಂಪನಿಯ ಮುಖ್ಯಸ್ಥ ರಯಾನ್ ಪೀಟರ್ಸನ್ ದೋಣಿಯಲ್ಲಿ ಒಂದು ಸುತ್ತು ಹೊಡೆದು ಬಂದರು. ನೂರಾರು ಕ್ರೇನ್‌ಗಳಲ್ಲಿ ಕೆಲಸ ಮಾಡುತ್ತಿದ್ದದ್ದು ಸುಮಾರು ಏಳಂತೆ. ಕ್ರೇನ್‌ ಕೆಟ್ಟಿರಲಿಲ್ಲ. ಎತ್ತಿದ್ದನ್ನು ಇಡಲು ನೆಲವಿರಲಿಲ್ಲ, ಅಷ್ಟೇ.

ಎತ್ತರದ ಈ ಮಿತಿ ತೆಗೆಯಿರಿ ಅಂತ ಅವರು ಟ್ವೀಟ್ ಮಾಡಿದ ದಿನವೇ ನಗರಸಭೆ ನಿಯಮ ಸಡಿಲಿಸಿತು. ನಾಲ್ಕರ ತನಕ ಪೇರಿಸಿ, ಅಗ್ನಿಶಾಮಕದವರು ಒಪ್ಪಿದರೆ ಐದು. ಅದೂ 90 ದಿನಕ್ಕೆ ಮಾತ್ರ! ತಿಂಗಳುಗಟ್ಟಲೆ ಯಾರಿಗೂ ಹೊಳೆಯದ್ದು ಮೊಬೈಲಿನಲ್ಲಿ ಬಂದ ಕೂಡಲೇ ಹೊಳೆಯಿತು.

ಎತ್ತರ ಪೇರಿಸಿದರೆ ಎಲ್ಲ ಸರಿಹೋಯಿತು ಅಂತಲೂ ಅಲ್ಲ. ಬೀರುವಿನಲ್ಲಿ ಅಡಿಯ ಸೀರೆಯೇ ಬೇಕು ಅಂದರೆ ಮೇಲಿನವನ್ನೆಲ್ಲ ತೆಗೆದಿಡಬೇಕು, ಅಲ್ವಾ? ಯಾವ ಕಂಟೇನರ್ ಮೊದಲು ಹೊರಡುತ್ತದೆಂದು ಗೊತ್ತಿಲ್ಲದೆ ಪೇರಿಸಿದರೆ ಕ್ರೇನಿಗೂ ಅದೇ ಪಾಡು. ದಿನವಿಡೀ ಎತ್ತಿಡುತ್ತದೆ, ಲಾರಿ ಮಾತ್ರ ಹೊರಡುವುದಿಲ್ಲ.

ಅದೇ ತಿಂಗಳು ಬಂದರುಗಳು ದಂಡವನ್ನೂ ಸಾರಿದವು. ಲಾರಿಯಲ್ಲಿ ಹೋಗಬೇಕಾದ ಕಂಟೇನರ್ ಒಂಬತ್ತು ದಿನ ದಾಟಿ ಕೂತರೆ ಹಡಗು ಕಂಪನಿ 100 ಡಾಲರ್ ಕಟ್ಟಬೇಕು, ಆಮೇಲೆ ದಿನಕ್ಕೆ ನೂರು ನೂರು ಏರುತ್ತದೆ. ನವೆಂಬರ್‌ನಲ್ಲಿ ಶುರುವಾಗಬೇಕಿತ್ತು. ಮುಂದಕ್ಕೆ ಹೋಯಿತು. ಮತ್ತೆ ಹೋಯಿತು. ಹೋಗುತ್ತಲೇ ಇತ್ತು. ಒಂದು ಡಾಲರೂ ವಸೂಲಾಗದೆ 2023ರ ಜನವರಿಯಲ್ಲಿ ರದ್ದಾಯಿತು. ಕೊಳೆಯುತ್ತಿದ್ದ ಕಂಟೇನರ್‌ಗಳು ಕಮ್ಮಿಯಾದವು, ದಂಡ ತನ್ನ ಕೆಲಸ ಮಾಡಿತು ಅಂದರು ಬಂದರಿನವರು. ಅಷ್ಟು ಹೊತ್ತಿಗೆ ಆಮದೇ ಇಳಿದಿತ್ತು. ಆದರೆ ಅದಕ್ಕೆ ಪತ್ರಿಕಾ ಹೇಳಿಕೆ ಕೊಡುವವರು ಯಾರಿದ್ದಾರೆ?