ಸಿಟಿಆರ್‌ಐ ಸಂಖ್ಯೆ ಕೇಳಿ ನೋಡಿ

ಹೊಟ್ಟೆಯ ಕೊಬ್ಬಿನಿಂದ ತೆಗೆದ ಕಾಂಡಕೋಶಗಳನ್ನು (ಸ್ಟೆಮ್ ಸೆಲ್, ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶಗಳು) ರಕ್ತನಾಳಕ್ಕೆ ಬಿಟ್ಟರೆ ಹಾಳಾದ ಶ್ವಾಸಕೋಶ ಸರಿಹೋಗುತ್ತದೆ ಎಂಬ ಲೇಖನದ ಧಾಟಿ ನನಗೆ ಅತಿ ಎನಿಸಿತು. ನನ್ನ ತಾಯಿಗೆ ಸಿಒಪಿಡಿ, ಅಂದರೆ ಉಸಿರಾಟ ಕಷ್ಟವಾಗಿಸುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ಬೀಡಿ, ಸಿಗರೇಟು ಮುಟ್ಟಿದವರಲ್ಲ. ನಲವತ್ತು ವರ್ಷ ಸೌದೆ ಒಲೆಯ ಮುಂದೆ ಕುಳಿತು ಊದುಗೊಳವೆ ಊದಿದವರು. ಈಗ ಬಚ್ಚಲಿನಿಂದ ಜಗಲಿಗೆ ಬರುವಷ್ಟರಲ್ಲಿ ಎರಡು ಸಲ ಗೋಡೆ ಹಿಡಿದು ನಿಲ್ಲುತ್ತಾರೆ. ಇಂಥ ಸುದ್ದಿ ಓದಿದಾಗ ಆಸೆಯಾಗದೇ ಇರುತ್ತದೆಯೇ?

ಕೊಬ್ಬಿನಲ್ಲಿ ಇಂಥ ಕೋಶಗಳಿವೆ ಎಂದು 2001ರಲ್ಲೇ ಅಮೆರಿಕದ ಸಂಶೋಧಕರು ತೋರಿಸಿದ್ದಾರೆ, ಒಪ್ಪೋಣ. ರಕ್ತನಾಳಕ್ಕೆ ಬಿಟ್ಟ ಕೋಶಗಳಲ್ಲಿ ಬಹುಪಾಲು ಮೊದಲು ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲೇ ಸಿಕ್ಕಿಕೊಳ್ಳುತ್ತವೆ ಎಂಬುದೂ ನಿಜ. ಆದರೆ ಸಿಕ್ಕಿಕೊಳ್ಳುವುದೇ ಬೇರೆ, ಕರಗಿಹೋದ ಗಾಳಿಚೀಲದ ಗೋಡೆಯನ್ನು ಮತ್ತೆ ಕಟ್ಟುವುದೇ ಬೇರೆ. ಅವು ಉರಿಯೂತವನ್ನು ತಗ್ಗಿಸಬಹುದು, ಅಷ್ಟೇ. 2013ರಲ್ಲಿ ಪ್ರಕಟವಾದ, 62 ಸಿಒಪಿಡಿ ರೋಗಿಗಳ ಪ್ರಯೋಗದಲ್ಲಿ (ಅಲ್ಲಿ ಬಳಸಿದ್ದು ಅಸ್ಥಿಮಜ್ಜೆಯ ಕೋಶ) ಅಪಾಯವೇನೂ ಕಾಣಲಿಲ್ಲ, ಉಸಿರಾಟದ ಸಾಮರ್ಥ್ಯವೂ ಹೆಚ್ಚಲಿಲ್ಲ. ಇನ್ನು ಫ್ಲಾರಿಡಾದಲ್ಲಿ ಕೊಬ್ಬಿನ ಕೋಶಗಳನ್ನು ಕಣ್ಣಿಗೆ ಚುಚ್ಚಿಸಿಕೊಂಡ ಮೂವರು ಮಹಿಳೆಯರು ದೃಷ್ಟಿ ಕಳೆದುಕೊಂಡ ವರದಿ 2017ರಲ್ಲಿ ಬಂದಿತ್ತು. ಅದನ್ನು ಲೇಖಕರು ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯ ಪ್ರಕಾರ ಇಂಥ ಚಿಕಿತ್ಸೆಯನ್ನು ಸಿಟಿಆರ್‌ಐನಲ್ಲಿ (ದೇಶದ ವೈದ್ಯಕೀಯ ಪ್ರಯೋಗಗಳ ನೋಂದಣಿ ಪಟ್ಟಿ) ನೋಂದಾಯಿತವಾದ ಪ್ರಯೋಗದ ಹೊರಗೆ ರೋಗಿಗೆ ಕೊಡುವಂತಿಲ್ಲ. ಪ್ರಯೋಗವೆಂದರೆ ರೋಗಿಯಿಂದ ದುಡ್ಡು ಕೇಳುವಂತೆಯೂ ಇಲ್ಲ.

ನಮಗೂ ಒಂದು ಕ್ಲಿನಿಕ್‌ನಿಂದ ಫೋನ್ ಬಂದಿತ್ತು. ಲಕ್ಷಗಳ ಲೆಕ್ಕ, ಕಂತಿನ ಸೌಲಭ್ಯ ಬೇರೆ. "ಸಿಟಿಆರ್‌ಐ ನೋಂದಣಿ ಸಂಖ್ಯೆ ಕೊಡಿ" ಎಂದೆ. ವಿಚಾರಿಸಿ ಹೇಳುತ್ತೇನೆ ಎಂದವರು ಮತ್ತೆ ಕರೆ ಮಾಡಲಿಲ್ಲ.