ಬಾಂದುಕಲ್ಲು, ಬಾಚಣಿಗೆ ಮತ್ತು ಸ್ಪೇನಿನ ಚಿನ್ನ

ನನ್ನ ಭಾಮೈದ ವಾರದಲ್ಲಿ ಐದು ದಿನ ಒಳ್ಳೆಯ ಮನುಷ್ಯ. ಕಂಪ್ಯೂಟರ್ ಮುಂದೆ ತಲೆ ತಗ್ಗಿಸಿ ಕೂತಿರುತ್ತಾನೆ. ಶನಿವಾರ ಬಂತೆಂದರೆ ಮಾತ್ರ ಅವನ ಮೈಮೇಲೆ ಸ್ಪೇನ್ ಬರುತ್ತದೆ. ಹಿಂದಿನ ಕಾಲದ ಸ್ಪೇನಿನವರು ಬಚ್ಚಿಟ್ಟ ಚಿನ್ನ ಹುಡುಕುವ ಹುಚ್ಚು.

ನಾವಿರುವುದು ಅರಿಜೋನಾದ ಫೀನಿಕ್ಸ್ ಹತ್ತಿರ. ಊರಿನ ಪೂರ್ವಕ್ಕೆ ಸೂಪರ್‌ಸ್ಟಿಷನ್ ಬೆಟ್ಟಗಳಿವೆ. ಅಲ್ಲಿ ಕಳೆದುಹೋದ ಚಿನ್ನದ ಗಣಿಯ ಕತೆ ನೂರು ವರ್ಷದಿಂದ ಓಡುತ್ತಿದೆ. ಆ ಕತೆಗೆ ಅಂಟಿಕೊಂಡ ಪೆರಾಲ್ಟಾ ಕಲ್ಲುಗಳು ಇವನ ಕಣ್ಣಿಗೆ ಬಿದ್ದವು. ಕುದುರೆ, ಪಾದ್ರಿ, ಗುಂಡಿಗೆ, ದಾರಿಯ ಗೆರೆ ಎಲ್ಲಾ ಕೆತ್ತಿದ ಕಲ್ಲುಗಳು. 1949ರಲ್ಲಿ ಸಿಕ್ಕವು ಅಂತ ಪ್ರತೀತಿ. ನಕಲಿ ಅನ್ನುವವರೇ ಜಾಸ್ತಿ, ಯಾಕೆಂದರೆ ಅದರಲ್ಲಿರುವ ಸ್ಪ್ಯಾನಿಷ್‌ನ ಕಾಗುಣಿತವೇ ತಪ್ಪು. ಕುದುರೆಗೆ ಇರುವ ಪದವನ್ನೇ ಕೆಡಿಸಿ ಕೆತ್ತಿದ್ದಾರೆ. ಭಾಮೈದ ಮಾತ್ರ, 'ಬೆಂಗಳೂರಿನ ಬೋರ್ಡ್‌ಗಳಲ್ಲಿ ಕನ್ನಡ ತಪ್ಪಿರಲ್ವಾ ಭಾವ? ಹಾಗಂತ ಆ ಅಂಗಡಿ ನಕಲಿನಾ?' ಅಂದ. ನನಗೆ ಉತ್ತರ ಹೊಳೆಯಲಿಲ್ಲ.

ಆ ಬೆಟ್ಟಗಳ ಕಾಡಿನಲ್ಲಿ 1984ರಿಂದ ಹೊಸದಾಗಿ ಗಣಿ ಹಕ್ಕು ಕೊಡುವುದಿಲ್ಲ. ಹಾಗಾಗಿ ಅವನ ಗಮನ ನೈರುತ್ಯಕ್ಕೆ, ಹೀಲಾ ನದಿಯ ಕಡೆ ತಿರುಗಿತು. 1775ರಲ್ಲಿ ಹುವಾನ್ ಬೌಟಿಸ್ಟಾ ದೆ ಆನ್ಸಾ ಅನ್ನುವ ಸ್ಪ್ಯಾನಿಷ್ ಸೇನಾಧಿಕಾರಿ ಇನ್ನೂರಕ್ಕೂ ಹೆಚ್ಚು ಜನರನ್ನು ಕರೆದುಕೊಂಡು ಈ ನದಿಯ ಪಕ್ಕದಲ್ಲೇ ಕ್ಯಾಲಿಫೋರ್ನಿಯಾಕ್ಕೆ ಹೋದ. ಸೈನಿಕರು, ಅವರ ಹೆಂಡಿರು, ಮಕ್ಕಳು, ಸಾವಿರದಷ್ಟು ದನ, ಕುದುರೆ, ಹೇಸರಗತ್ತೆಗಳು. 'ಅಷ್ಟು ಜನ ಹೋದ ಮೇಲೆ ಕಲ್ಲಿನ ಮೇಲೆ ಒಂದು ಗುರುತಾದರೂ ಬಿಟ್ಟಿರಲ್ವಾ?' ಇದು ಭಾಮೈದನ ತರ್ಕ. ಸಾವಿರ ಜಾನುವಾರು ಹೋದ ದಾರಿಗೆ ಗುಟ್ಟಿನ ಗುರುತು ಯಾಕೆ ಬೇಕು, ಸಗಣಿ ಸಾಲದೇ ಅಂತ ನನ್ನ ತರ್ಕ. ಯಾರೂ ಕೇಳಲಿಲ್ಲ.

ಡಿಸೆಂಬರ್ ತಿಂಗಳು. ಊರಿಂದ ಅತ್ತೆ ಬಂದಿದ್ದರು. ಅವರನ್ನು ಮನೆಯಲ್ಲಿ ಬಿಟ್ಟು ಹೋಗುವ ಹಾಗಿಲ್ಲ. ಪುಳಿಯೋಗರೆ, ಕೋಡುಬಳೆ, ಹದಿನೈದು ಲೀಟರ್ ನೀರು, ಒಂದು ಲೋಹಶೋಧಕ ಯಂತ್ರ, ಅತ್ತೆ. ಈ ಕ್ರಮದಲ್ಲಿ ಕಾರು ತುಂಬಿತು.

ದಾರಿಯುದ್ದಕ್ಕೂ ಭಾಮೈದನ ಉಪನ್ಯಾಸ. ಗುಂಡಿಗೆ ಕೆತ್ತಿದ್ದರೆ ಹೀಗೆ, ಆಮೆ ಕೆತ್ತಿದ್ದರೆ ಹಾಗೆ, ಶಿಲುಬೆಯ ಒಂದು ಕೈ ಉದ್ದ ಇದ್ದರೆ ಆ ಕಡೆ ನಡೆಯಬೇಕು. ಗಣಿಯಲ್ಲಿ ಸಿಕ್ಕಿದ್ದರಲ್ಲಿ ಐದನೇ ಒಂದು ಪಾಲು ಸ್ಪೇನಿನ ರಾಜನಿಗೆ ಕೊಡಬೇಕಿತ್ತಂತೆ. ಇದು ನಿಜವೇ. ಅದನ್ನು ತಪ್ಪಿಸಲು ಚಿನ್ನ ಬಚ್ಚಿಟ್ಟು ಕಲ್ಲಿನ ಮೇಲೆ ಗುರುತು ಮಾಡಿದರಂತೆ. ಇದು ಅವನದು.

ಹಿಂದಿನ ಸೀಟಿನಿಂದ ಅತ್ತೆ ಕೇಳಿದರು. 'ಅಂದ್ರೆ ಟ್ಯಾಕ್ಸ್ ಕಳ್ಳರ ದುಡ್ಡು ಹುಡುಕೋಕೆ ಹೋಗ್ತಿದ್ದೀವಾ?'

ಮೊದಲು ಹೋದದ್ದು ಹೀಲಾ ಬೆಂಡ್ ಊರಿನಾಚೆ ಇರುವ ಪೇಂಟೆಡ್ ರಾಕ್‌ಗೆ. ಒಂದು ಸಣ್ಣ ಕಲ್ಲುಗುಡ್ಡೆ, ಅದರ ಮೇಲೆ ನೂರಾರು ಕೆತ್ತನೆ. ಸುರುಳಿ, ಹಲ್ಲಿ, ಜಿಂಕೆ, ಮನುಷ್ಯರು. ಹೆಸರಿನಲ್ಲಿ ಪೇಂಟ್ ಇದ್ದರೂ ಬಣ್ಣ ಬಳಿದದ್ದಲ್ಲ. ಮರುಭೂಮಿಯ ಬಂಡೆಗಳ ಮೇಲೆ ಸಾವಿರಾರು ವರ್ಷದಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಸೇರಿ ಕಪ್ಪು ಪೊರೆ ಕಟ್ಟುತ್ತದೆ. ಅದನ್ನು ಇನ್ನೊಂದು ಕಲ್ಲಿನಿಂದ ಕುಟ್ಟಿ ತೆಗೆದರೆ ಒಳಗಿನ ತಿಳಿ ಬಣ್ಣ ಕಾಣುತ್ತದೆ. ಈ ಸೀಮೆಯ ಪ್ರಾಚೀನ ಮೂಲನಿವಾಸಿಗಳಾದ ಹೊಹೊಕಾಮ್ ಜನ ಮಾಡಿದ್ದು. ಸ್ಪೇನಿನವರು ಕಾಲಿಡುವುದಕ್ಕೆ ಎಷ್ಟೋ ಮೊದಲು. ನಾನು ಅರ್ಧ ಗಂಟೆ ಬಾಯಿ ಬಿಟ್ಟುಕೊಂಡು ನೋಡಿದೆ. ಅತ್ತೆ, 'ಇದು ನಮ್ಮ ರಂಗೋಲಿ ಥರಾನೇ ಇದೆ' ಅಂದರು. ಭಾಮೈದ ಮಾತ್ರ ಮುಖ ಸಪ್ಪಗೆ ಮಾಡಿಕೊಂಡು, 'ಇದು ಸ್ಪ್ಯಾನಿಷ್ ಅಲ್ಲ ಭಾವ' ಅಂದ. ಮದುವೆ ಊಟದಲ್ಲಿ ಹೋಳಿಗೆ ಬಿಟ್ಟು ಉಪ್ಪಿನಕಾಯಿ ಕೇಳುವವರ ಹಾಗೆ.

ಯಂತ್ರವನ್ನು ಅಲ್ಲಿ ಡಿಕ್ಕಿಯಿಂದ ತೆಗೆಯಲು ನಾನು ಬಿಡಲಿಲ್ಲ. ಸರ್ಕಾರಿ ಜಾಗದಲ್ಲಿರುವ ಹಳೆಯ ವಸ್ತುಗಳನ್ನು ಅಗೆದರೆ 1979ರ ಕಾಯ್ದೆ ಸುಮ್ಮನೆ ಬಿಡುವುದಿಲ್ಲ. ನನ್ನ ವೀಸಾಕ್ಕೆ ಈಗಲೇ ಬೇಕಾದಷ್ಟು ತೊಂದರೆಗಳಿವೆ. ಅಲ್ಲಿಂದ ದೂರ, ಮಣ್ಣಿನ ರಸ್ತೆಯಲ್ಲಿ ಹತ್ತಾರು ಮೈಲಿ ಹೋದ ಮೇಲೆ ಯಂತ್ರ ಹೊರಗೆ ಬಂತು. ಗಂಟೆ ಕಾಲ ಕೂಗಿತು. ಸಿಕ್ಕಿದ್ದು ನಾಲ್ಕು ಬಿಯರ್ ಡಬ್ಬ, ಗುಂಡಿನ ಖಾಲಿ ಕೊಳವೆಗಳು, ಒಂದು ಮೊಳೆ. ಮೊಳೆ ಸ್ಪ್ಯಾನಿಷ್ ಇರಬಹುದು ಅಂತ ಜೇಬಿಗೆ ಹಾಕಿಕೊಳ್ಳಲು ಹೊರಟ. ಹಳೆಯದಾದರೆ ತಗೋಬಾರದು, ಹೊಸದಾದರೆ ಯಾಕೆ ಅಂದೆ. ಅಲ್ಲೇ ಬಿಟ್ಟ.

ಆಮೇಲೆ ಆ ಕಲ್ಲು ಸಿಕ್ಕಿತು.

ಮೊಣಕಾಲೆತ್ತರ ಇಲ್ಲ. ನೆಟ್ಟಗೆ ಹೂತಿದ್ದಾರೆ, ಬುಡಕ್ಕೆ ಸಣ್ಣ ಕಲ್ಲುಗಳ ರಾಶಿ. ಒಂದು ಅಂಚಿಗೆ ಮೂರು ಕಚ್ಚು, ಇನ್ನೊಂದು ಅಂಚಿಗೆ ಎರಡು. ಉಳಿಯಿಂದ ಹೊಡೆದದ್ದು, ಸಂಶಯವೇ ಇಲ್ಲ. ಭಾಮೈದನ ದನಿ ನಡುಗಿತು. 'ಮೂರು ಹರದಾರಿ ದಕ್ಷಿಣಕ್ಕೆ, ಎರಡು ಹರದಾರಿ ಪೂರ್ವಕ್ಕೆ!' ನಿಜ ಹೇಳಬೇಕೆಂದರೆ ನನಗೂ ರೋಮಾಂಚನವಾಯಿತು. ಮನೆ ಸಾಲದ ಬಾಕಿ ಎಷ್ಟಿದೆ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ಫೋಟೋ ತೆಗೆಯಲು ಭಾಮೈದ ಹಿಂದೆ ಹಿಂದೆ ಸರಿದ. ಹಿಂದೆ ಚೋಯಾ ಕಳ್ಳಿ ಇತ್ತು.

ಚೋಯಾ ಗೊತ್ತಿಲ್ಲದವರಿಗೆ ಹೇಳುತ್ತೇನೆ. ದೂರದಿಂದ ಕರಡಿ ಮರಿಯ ಹಾಗೆ ಮೆತ್ತಗೆ ಕಾಣುತ್ತದೆ. ಸೋಕಿದರೆ ಸಾಕು, ಗೆಣ್ಣು ಗೆಣ್ಣೇ ಕಳಚಿ ಮೈಗೆ ಅಂಟಿಕೊಳ್ಳುತ್ತದೆ. ಅದಕ್ಕೇ ಹಾರುವ ಚೋಯಾ ಅನ್ನುತ್ತಾರೆ. ಮುಳ್ಳಿನ ತುದಿಯಲ್ಲಿ ಗಾಳದ ಹಾಗೆ ಕೊಕ್ಕೆಗಳು. ಕೈಯಲ್ಲಿ ಕೀಳಲು ಹೋದರೆ ಕೈಗೂ ಅಂಟುತ್ತದೆ. ಭಾಮೈದ ಕೀಳಲು ಹೋದ. ಈಗ ಅವನ ಹಿಂಭಾಗ ಮತ್ತು ಬಲಗೈ ಒಂದಕ್ಕೊಂದು ಸೇರಿಕೊಂಡವು.

ಮದ್ದು ಬಾಚಣಿಗೆ. ಹಲ್ಲುಗಳನ್ನು ಗೆಣ್ಣಿನ ಕೆಳಗೆ ತೂರಿಸಿ ಒಮ್ಮೆಲೇ ಎತ್ತಿ ಎಸೆಯಬೇಕು. ಅತ್ತೆಯ ಬ್ಯಾಗಿನಲ್ಲಿ ಬಾಚಣಿಗೆ ಇತ್ತು. ಮೂವತ್ತೆಂಟು ವರ್ಷದ ಮಗನನ್ನು ಕಾರಿನ ಬಾನೆಟ್ ಮೇಲೆ ಬೋರಲು ಮಲಗಿಸಿ, 'ಅಲ್ಲಾಡಬೇಡ್ವೋ' ಅಂತ ಬೆನ್ನಿಗೆ ಒಂದು ಕೊಟ್ಟು, ಅವರೇ ಕೆಲಸ ಮುಗಿಸಿದರು. ಹೇನು ತೆಗೆಯುವಷ್ಟೇ ಶ್ರದ್ಧೆಯಿಂದ.

ಮುಗಿದ ಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು ಕಲ್ಲಿನ ಹತ್ತಿರ ಹೋದರು. ಬಗ್ಗಿ ನೋಡಿದರು. ಕಚ್ಚುಗಳ ಮೇಲೆ ಬೆರಳಾಡಿಸಿದರು.

'ಇದು ಬಾಂದುಕಲ್ಲು ಕಣೋ' ಅಂದರು.

ಅತ್ತೆಯ ತಂದೆ ತಿಪಟೂರು ಕಡೆ ಒಂದು ಹಳ್ಳಿಯಲ್ಲಿ ಶಾನುಭೋಗರಾಗಿದ್ದವರು. ಬಾಂದುಕಲ್ಲು, ಬದು, ಚಕ್ಕುಬಂದಿ, ಇವೇ ಆಕೆಯ ಬಾಲ್ಯದ ಕತೆಗಳು. 'ನಮ್ಮಲ್ಲೂ ಹೀಗೇ. ಲಿಂಗಮುದ್ರೆ ಕಲ್ಲು, ವಾಮನಮುದ್ರೆ ಕಲ್ಲು ಅಂತ ದೇವಸ್ಥಾನದ ಜಮೀನಿನ ಗಡಿಗೆ ನೆಟ್ಟಿರ್ತಾರೆ. ನಿಧಿ ಇದೆ ಅಂತ ಕಳ್ಳರು ರಾತ್ರಿ ಬಂದು ಅಗೀತಾರೆ. ಗಡಿಯಲ್ಲಿ ಯಾವನು ಚಿನ್ನ ಇಡ್ತಾನೆ? ಪಕ್ಕದವನ ಎಮ್ಮೆ ಬರೋ ಜಾಗ ಅದು.'

ಫೋನಿಗೆ ಸಿಗ್ನಲ್ ಸಿಕ್ಕ ಮೇಲೆ ಹುಡುಕಿದೆ. ಅತ್ತೆ ಹೇಳಿದ್ದು ಅಕ್ಷರಶಃ ಸರಿ. ಅಮೆರಿಕ ಸರ್ಕಾರದ ಹಳೆಯ ಸರ್ವೆಯವರು ಜಮೀನನ್ನು ಆರು ಮೈಲಿ ಚೌಕದ ಟೌನ್‌ಶಿಪ್‌ಗಳಾಗಿ, ಅದನ್ನು ಒಂದೊಂದು ಮೈಲಿಯ ಚೌಕಗಳಾಗಿ ಕತ್ತರಿಸಿ ಮೂಲೆಗೊಂದು ಕಲ್ಲು ನೆಟ್ಟಿದ್ದಾರೆ. ಟೌನ್‌ಶಿಪ್‌ನ ಗಡಿಗೆ ಎಷ್ಟು ಮೈಲಿಯೋ ಅಷ್ಟು ಕಚ್ಚು. ಅರಿಜೋನಾದಲ್ಲಿ ಇದಕ್ಕೆ ಮೂಲಬಿಂದು ಹೀಲಾ ಮತ್ತು ಸಾಲ್ಟ್ ನದಿಗಳು ಸೇರುವಲ್ಲಿಯ ಗುಡ್ಡ. ಸರ್ವೆ ಶುರುವಾದದ್ದು 1867ರಲ್ಲಿ. ಅಲ್ಲಿಂದ ಪೂರ್ವ ಪಶ್ಚಿಮಕ್ಕೆ ಎಳೆದ ಗೆರೆಯ ಮೇಲೇ ನಮ್ಮೂರಿನ ಬೇಸ್‌ಲೈನ್ ರೋಡ್ ಇದೆ. ಹನ್ನೊಂದು ವರ್ಷದಿಂದ ಅದೇ ರಸ್ತೆಯಲ್ಲಿ ಆಫೀಸಿಗೆ ಹೋಗುತ್ತಿದ್ದೇನೆ, ಹೆಸರು ಯಾಕೆ ಬಂತು ಅಂತ ಒಂದು ದಿನ ಕೇಳಿದವನಲ್ಲ. ಅಂದ ಹಾಗೆ, ಆ ಕಲ್ಲು ಕಿತ್ತರೆ ದಂಡ, ಜೈಲು ಎರಡೂ ಇವೆ.

ಆದರೆ ಇದೆಲ್ಲ ಗೊತ್ತಾದದ್ದು ರಾತ್ರಿ. ಅದಕ್ಕೆ ಮೊದಲು ನಾನು ಕಾರನ್ನು ಒಣಹಳ್ಳದ ಮರಳಿನಲ್ಲಿ ಹೂತಿದ್ದೆ. ಭಾಮೈದ ತಳ್ಳುವಂತಿಲ್ಲ, ಕೂರುವಂತೆಯೂ ಇಲ್ಲ. ಸುಮ್ನೆ ನಿಂತಿದ್ದ. ಸೂರ್ಯ ಇಳಿಯುವ ಹೊತ್ತಿಗೆ ಒಬ್ಬ ಮುದುಕ ಪಿಕಪ್‌ನಲ್ಲಿ ಬಂದು ಹಗ್ಗ ಕಟ್ಟಿ ಎಳೆದು ಹಾಕಿದ. ಏನು ಹುಡುಕುತ್ತಿದ್ದೀರಿ ಅಂತ ಕೇಳಿದ. ಆನ್ಸಾ ಹೋದ ದಾರಿ ಅಂದೆವು. ಅವನು ನಕ್ಕು, ನಾವು ಬಂದ ಕಡೆಗೇ ಕೈ ತೋರಿಸಿದ. ಆನ್ಸಾನೂ ನದಿ ಪಕ್ಕದಲ್ಲೇ ಹೋದ, 1858ರಿಂದ ಅಂಚೆ ಕುದುರೆಗಾಡಿಗಳೂ ಈ ಕಡೆಯಿಂದಲೇ ಹೋದವು, ಆಗ ಇಲ್ಲಿ ನೀರಿತ್ತಲ್ಲ ಅಂದ. ಅಂದರೆ ಬೆಳಿಗ್ಗೆಯಿಂದ ನಾವು ಆ ದಾರಿಯ ಆಸುಪಾಸಿನಲ್ಲೇ ಏಸಿ ಹಾಕಿಕೊಂಡು ಓಡಾಡಿದ್ದೆವು. ಅತ್ತೆ ಅವನಿಗೆ ಕೋಡುಬಳೆ ಕೊಟ್ಟರು. ಅವನು ಅದನ್ನು ಬೆರಳಿಗೆ ಹಾಕಿಕೊಂಡು ನೋಡಿದ. ತಿನ್ನುವುದು ಅಂತ ಸನ್ನೆ ಮಾಡಿ ತೋರಿಸಬೇಕಾಯಿತು.

ಮನೆ ಮುಟ್ಟಿದ ತಕ್ಷಣ ಅತ್ತೆ ತಿಪಟೂರಿಗೆ, ತಂಗಿಗೆ ಫೋನ್ ಹಚ್ಚಿದರು. ಭಾಮೈದ ಸೋಫಾದ ಮೇಲೆ ಬೋರಲು ಮಲಗಿ ಕೇಳಿಸಿಕೊಳ್ಳುತ್ತಿದ್ದ.

'ಚಿನ್ನಗಿನ್ನ ಏನೂ ಸಿಗಲಿಲ್ಲ ಕಣೇ. ಬಾಚಣಿಗೆ ಒಂದು ಹಾಳಾಯ್ತು. ಆದ್ರೆ ಇಲ್ಲಿ ಸರ್ವೆ ಮಾತ್ರ ಬಹಳ ಚೆನ್ನಾಗಿ ಮಾಡಿದ್ದಾರೆ. ನಿನ್ನ ಗಂಡ ಒತ್ತುವರಿ ಮಾಡಿದ್ನಲ್ಲ, ಇಲ್ಲಿ ಆಗ್ತಿರಲಿಲ್ಲ.'